ಸಿಹಿಯಿಲ್ಲದ ಖಾರಿ ಹಗುರವೇ?

ನಾರಾಯಣಪೇಟೆ, ಮಕ್ತಲ್, ಗದ್ವಾಲ ಕಡೆಯ ಮನೆಗಳಿಗೆ ಭೇಟಿಗೆಂದು ಹೋದಾಗ ಚಹಾದ ಜೊತೆಗೆ ಖಾರಿ ಬಿಸ್ಕತ್ತನ್ನು ನಾವೂ ತಿಂದಿದ್ದೇವೆ. ಹೆಸರು ಖಾರಿ ಆದರೂ ಅದರಲ್ಲಿ ಮೆಣಸಿನಕಾಯಿಯ ಖಾರವಿಲ್ಲ. ಹಿಂದಿಯಲ್ಲಿ ‘ಖಾರಾ’ ಎಂದರೆ ಉಪ್ಪುಪ್ಪು. ಗದ್ವಾಲ ತಾಲೂಕು 1956ರವರೆಗೆ ರಾಯಚೂರು ಜಿಲ್ಲೆಗೆ ಸೇರಿತ್ತು. ಅನಂತರ ಮಹಬೂಬನಗರಕ್ಕೆ ಸೇರಿತು, 2016ರಲ್ಲಿ ತಾನೇ ಒಂದು ಜಿಲ್ಲೆಯ ಕೇಂದ್ರವಾಯಿತು. ಗಡಿ ಬದಲಾದರೂ ಚಹಾದ ತಟ್ಟೆ ಎರಡೂ ಕಡೆ ಒಂದೇ.

ಒಮ್ಮೆ ಒಂದು ಮನೆಯಲ್ಲಿ ಅಜ್ಜಿಯೊಬ್ಬರು, “ಫಾದರ್, ನನಗ ಸಕ್ಕರಿ ಕಾಯಿಲೆ ಐತ್ರಿ. ಸಿಹಿ ಮುಟ್ಟಂಗಿಲ್ಲ. ಅದಕ್ಕ ಖಾರಿ ತಿಂತೀನ್ರಿ” ಎನ್ನುತ್ತಾ ನಾಲ್ಕನೆಯದನ್ನು ಚಹಾದಲ್ಲಿ ಅದ್ದಿದರು. ಅತಿಥಿಗಳಾಗಿ ಬಂದ ನಾವು ಸಂಕೋಚದಿಂದ ಸುಮ್ಮನಾದೆವು. ಸುಮ್ಮನಿದ್ದದ್ದು ತಪ್ಪೆಂದು ಆಮೇಲೆ ಅನ್ನಿಸಿತು.

ಖಾರಿ ಹೇಗಾಗುತ್ತದೆ ನೋಡಿ. ಮೈದಾ ಕಣಕವನ್ನು ಲಟ್ಟಿಸಿ, ಮೇಲೆ ಕೊಬ್ಬನ್ನು ಹರಡಿ, ಗದ್ವಾಲ ಸೀರೆಯನ್ನು ಮಡಿಸಿದಂತೆ ಮೂರು ಮಡಿಕೆ ಮಾಡುತ್ತಾರೆ. ಮತ್ತೆ ಲಟ್ಟಿಸಿ ಮತ್ತೆ ಮಡಿಸುತ್ತಾರೆ. ಹೀಗೆ ಆರು ಸಲ ಮಾಡಿದರೆ 729 ಪದರು! ಒಲೆಯ ಬಿಸಿಗೆ ಕಣಕದ ನೀರು ಹಬೆಯಾಗಿ ಪದರುಗಳನ್ನು ಮೇಲೆತ್ತುತ್ತದೆ. ನಡುವಿನ ಕೊಬ್ಬು ಅವು ಅಂಟಿಕೊಳ್ಳದಂತೆ ತಡೆಯುತ್ತದೆ. ಸೋಡಾ, ಈಸ್ಟ್ ಯಾವುದೂ ಬೇಕಿಲ್ಲ. ಕೈಗೆ ಹಗುರ, ಆದರೆ ಒಳಗಿರುವುದು ಮೈದಾ ಮತ್ತು ಕೊಬ್ಬು. ಮೈದಾ ಸಿಹಿಯಿಲ್ಲದಿದ್ದರೂ ರಕ್ತದ ಸಕ್ಕರೆಯನ್ನು ಬೇಗ ಏರಿಸುತ್ತದೆ.

ಕೊಬ್ಬು ಯಾವುದೆಂಬುದೂ ಮುಖ್ಯ. ವನಸ್ಪತಿಯಲ್ಲಿರುವ ಟ್ರಾನ್ಸ್ ಕೊಬ್ಬು ಹೃದಯಕ್ಕೆ ಕೆಟ್ಟದ್ದು. ಅದು ಎಣ್ಣೆ, ಕೊಬ್ಬುಗಳಲ್ಲಿ ಶೇ. 2ನ್ನು ಮೀರಬಾರದೆಂಬ ನಿಯಮ 2022ರ ಜನವರಿಯಿಂದ ದೇಶದಲ್ಲಿ ಜಾರಿಯಲ್ಲಿದೆ. ಪೊಟ್ಟಣ ಕೊಳ್ಳುವಾಗ ಹಿಂಬದಿಯನ್ನು ಓದಿ.

ಹಬ್ಬಕ್ಕೆ ಮನೆಯಲ್ಲೇ ಮಾಡಬಹುದು. 250 ಗ್ರಾಂ ಮೈದಾಗೆ ಅರ್ಧ ಚಮಚ ಉಪ್ಪು ಸೇರಿಸಿ ತಣ್ಣೀರಿನಲ್ಲಿ ಕಲಸಿ. ಲಟ್ಟಿಸಿ, 150 ಗ್ರಾಂ ತಣ್ಣನೆಯ ಬೆಣ್ಣೆ ಹರಡಿ ಮೂರು ಮಡಿಕೆ ಮಾಡಿ. ಪ್ರತಿ ಮಡಿಕೆಯ ನಂತರ ಅರ್ಧ ಗಂಟೆ ಫ್ರಿಜ್‌ನಲ್ಲಿಡಿ. ನಾಲ್ಕು ಸಲ ಸಾಕು, 81 ಪದರಾಗುತ್ತದೆ. ಬೆರಳಗಲ ಕತ್ತರಿಸಿ ಓವನ್‌ನಲ್ಲಿ 200 ಡಿಗ್ರಿಯಲ್ಲಿ 15 ನಿಮಿಷ ಬೇಯಿಸಿ, ಆಮೇಲೆ 150 ಡಿಗ್ರಿಗೆ ಇಳಿಸಿ ಗರಿಯಾಗುವವರೆಗೆ ಬಿಡಿ.

ಜೀರಿಗೆ, ಓಮ, ಕಾಳುಮೆಣಸು ಅಥವಾ ಒಣ ಮೆಂತ್ಯಸೊಪ್ಪು ಉದುರಿಸಿದರೆ ಮಸಾಲೆ ಖಾರಿ. ಮಕ್ಕಳಿಗೆ ಸಕ್ಕರೆ ಉದುರಿಸಿ ಎರಡೂ ಕಡೆಯಿಂದ ಒಳಕ್ಕೆ ಸುರುಳಿ ಸುತ್ತಿ ಕತ್ತರಿಸಿದರೆ ಹೃದಯದ ಆಕಾರದ ಸಿಹಿ ಬಿಸ್ಕತ್ತು; ಸಕ್ಕರೆ ಕರಗಿ ಕೆಂಪಗೆ ಹೊಳೆಯುತ್ತದೆ.

ಮುಂದಿನ ಭೇಟಿಯಲ್ಲಿ ಅಜ್ಜಿಗೆ ಇದನ್ನೆಲ್ಲ ಹೇಳಿದೆವು. “ಹಂಗಾರ ಬಿಡಬೇಕೇನ್ರಿ?” ಎಂದು ಕೇಳಿದರು. ಡಾಕ್ಟರರನ್ನು ಕೇಳಿ, ಅಲ್ಲಿಯವರೆಗೆ ಒಂದು ಸಾಕು ಎಂದೆವು. ಈಗ ಅವರ ತಟ್ಟೆಯಲ್ಲಿ ಒಂದೇ ಖಾರಿ, ಪಕ್ಕದಲ್ಲಿ ಒಂದು ಹಿಡಿ ಕುದಿಸಿದ ಶೇಂಗಾ. ನಮ್ಮ ತಟ್ಟೆಯಲ್ಲೂ ಅಷ್ಟೇ!