ಹವಳಕ್ಕೆ ಗೊಬ್ಬರ ಬೇಡ, ಉಪವಾಸವೂ ಬೇಡ

ಗಂಗಾವತಿ ಸೀಮೆಯಲ್ಲಿ ಭತ್ತಕ್ಕೆ ಮೇಲುಗೊಬ್ಬರ ಬಿದ್ದ ಕೆಲವು ದಿನಗಳಿಗೆ ಬಸಿಗಾಲುವೆಗಳ ಬಣ್ಣ ಬದಲಾಗುತ್ತದೆ. ಪೈರು ಹೀರಿ ಉಳಿದ ಯೂರಿಯಾ, ಡಿಎಪಿಗಳ ಸಾರಜನಕ ಮತ್ತು ರಂಜಕ ನೀರಿಗಿಳಿದು, ಅಂಚಿನಲ್ಲಿ ನೂಲಿನಂಥ ಪಾಚಿ ಹಬ್ಬುತ್ತದೆ. ಕೆಲವು ವರ್ಷಗಳಿಂದ ತುಂಗಭದ್ರಾ ಜಲಾಶಯದ ನೀರೇ ಆಗಾಗ ಹಸಿರಾಗುವುದನ್ನು ಈ ಭಾಗದ ಜನ ಕಂಡಿದ್ದಾರೆ. ಕಡಲಿನಿಂದ ಇನ್ನೂರೈವತ್ತು ಕಿಲೋಮೀಟರ್‌ನಷ್ಟು ಒಳಗಿರುವ ಕೊಪ್ಪಳ ಜಿಲ್ಲೆಯ ಹುಲಿಹೈದರದಲ್ಲಿ ಕುಳಿತು ಹವಳದ ಬಗ್ಗೆ ಮಾತಾಡಲು ಇಷ್ಟು ಪರಿಚಯ ಸಾಕು. ಹವಳವನ್ನು ಬದುಕಿಸುವ, ಕೊಲ್ಲುವ ಲೆಕ್ಕವೆಲ್ಲ ಬಹುಮಟ್ಟಿಗೆ ಇದೇ ಸಾರಜನಕ, ಇದೇ ರಂಜಕದ್ದು.

ಉಷ್ಣವಲಯದ ತಿಳಿನೀಲಿ ಕಡಲು ನೋಡಲು ಚೆಂದ, ಆದರೆ ಪೋಷಕಾಂಶದ ಲೆಕ್ಕದಲ್ಲಿ ಬರಡು. ನೀರು ಅಷ್ಟು ತಿಳಿಯಾಗಿರುವುದೇ ಅದರಲ್ಲಿ ತೇಲುವ ಸಸ್ಯಜೀವಿಗಳು ಕಡಿಮೆ ಇರುವುದರಿಂದ. ಅಂಥ ನೀರಿನ ನಡುವೆ ಮೀನು, ಏಡಿ, ಸ್ಪಂಜು, ಹವಳಗಳ ಇಷ್ಟೊಂದು ದೊಡ್ಡ ಸಂಸಾರ ಹೇಗೆ ನಡೆಯುತ್ತದೆ? ಚಾರ್ಲ್ಸ್ ಡಾರ್ವಿನ್ 1842ರಲ್ಲಿ ಹವಳದಿಬ್ಬಗಳ ಕುರಿತು ಪುಸ್ತಕ ಬರೆದಿದ್ದ. ಈ ಒಗಟಿಗೂ ಇಂದು ಅವನ ಹೆಸರೇ ಅಂಟಿಕೊಂಡಿದೆ. ಉತ್ತರದ ದೊಡ್ಡ ಪಾಲು ಹವಳದ ಮೈಯೊಳಗೇ ಇದೆ. ಹವಳ ಒಂದು ಪ್ರಾಣಿ. ಅದರ ಅಂಗಾಂಶದೊಳಗೆ ಝೂಕ್ಸಾಂಥೆಲ್ಲೆ ಎಂಬ ಏಕಕೋಶದ ಪಾಚಿ ಮನೆಮಾಡಿರುತ್ತದೆ. ಒಂದು ಚದರ ಸೆಂಟಿಮೀಟರಿನಲ್ಲಿ ಹತ್ತು ಲಕ್ಷದ ಆಸುಪಾಸು ಕೋಶಗಳು. ಅವು ಬಿಸಿಲಿನಿಂದ ಸಕ್ಕರೆ ತಯಾರಿಸುತ್ತವೆ. ಹವಳಕ್ಕೆ ಬೇಕಾದ ಶಕ್ತಿಯ ಬಹುಪಾಲು ಹೀಗೆ ಒಳಗಿನಿಂದಲೇ ಸಿಗುತ್ತದೆ. ಪ್ರತಿಯಾಗಿ ಹವಳ ಹೊರಹಾಕುವ ಅಮೋನಿಯಾ ಪಾಚಿಗೆ ಗೊಬ್ಬರ.

ಇಲ್ಲೊಂದು ಸೂಕ್ಷ್ಮವಿದೆ, ಅದು ತಿಳಿದರೆ ಉಳಿದದ್ದೆಲ್ಲ ತಿಳಿದಂತೆ. ಪಾಚಿಗೆ ಬೆಳಕು ಬೇಕಾದಷ್ಟಿದೆ, ಸಾರಜನಕ ಮಾತ್ರ ಅಳೆದು ಸುರಿದಷ್ಟು. ಸಾರಜನಕವಿಲ್ಲದೆ ಪ್ರೋಟೀನು ಇಲ್ಲ, ಪ್ರೋಟೀನು ಇಲ್ಲದೆ ಕೋಶ ಇಬ್ಭಾಗವಾಗದು. ಹೀಗಾಗಿ ತಯಾರಾದ ಸಕ್ಕರೆ ಹೆಚ್ಚಾಗಿ ಹವಳದ ಪಾಲಾಗುತ್ತದೆ. ಹೊರಗಿನ ನೀರಿನಲ್ಲಿ ನೈಟ್ರೇಟ್ ಏರಿತೆಂದುಕೊಳ್ಳಿ. ಪಾಚಿಯ ಕೈಕಟ್ಟು ಬಿಚ್ಚಿದಂತಾಗುತ್ತದೆ. ಅದು ತನ್ನ ಸಕ್ಕರೆಯನ್ನು ತನ್ನ ವಂಶ ಬೆಳೆಸಲು ಬಳಸುತ್ತದೆ, ಧಣಿಗೆ ಬರುವ ಪಾಲು ತಗ್ಗುತ್ತದೆ. ಅಕ್ವೇರಿಯಂ ಸಾಕುವವರಿಗೆ ಇದು ಮೊದಲು ಕಾಣುವುದು ಬಣ್ಣದಲ್ಲಿ. ನೇರಳೆ, ನೀಲಿ ತುದಿಗಳಿದ್ದ ಅಕ್ರೋಪೊರಾ ಹವಳ ಕೆಲವು ವಾರಗಳಲ್ಲಿ ಕಂದಾಗುತ್ತದೆ. ಆ ಕಂದು ಒಳಗೆ ಗಿಜಿಗುಡುತ್ತಿರುವ ಪಾಚಿಯದ್ದು. ರಂಜಕ ಹೆಚ್ಚಾದರೆ ತೊಂದರೆ ಬೇರೆ ಬಗೆಯದು: ಫಾಸ್ಫೇಟ್ ಸುಣ್ಣದ ಹರಳು ಕಟ್ಟುವುದಕ್ಕೆ ಅಡ್ಡಬರುವುದರಿಂದ ಹವಳದ ಎಲುಬಿನ ಬೆಳವಣಿಗೆ ನಿಧಾನವಾಗುತ್ತದೆ. ಹೊರಗಡೆ ಬಂಡೆಯ ಮೇಲೆ ಕೂದಲುಪಾಚಿ ಎದ್ದು ಜಾಗಕ್ಕೆ ಪೈಪೋಟಿ ಶುರುವಾಗುತ್ತದೆ.

ಕಡಲಿನಲ್ಲೂ ಇದು ನಡೆದಿದೆ. ಹವಾಯಿಯ ಕನೇಒಹೆ ಕೊಲ್ಲಿಗೆ ದಶಕಗಳ ಕಾಲ ಚರಂಡಿ ನೀರು ಬಿಟ್ಟಾಗ ಗುಳ್ಳೆಗುಳ್ಳೆಯಾದ ಹಸಿರು ಪಾಚಿಯೊಂದು ಹವಳದ ಮೇಲೆ ಹೊದಿಕೆ ಹೊದಿಸಿಬಿಟ್ಟಿತು. 1977–78ರಲ್ಲಿ ಚರಂಡಿಯನ್ನು ಆಳ ಕಡಲಿಗೆ ತಿರುಗಿಸಿದ ಮೇಲೆ ಪಾಚಿ ತಗ್ಗಿತು, ಆದರೆ ಪೂರಾ ಹಿಮ್ಮೆಟ್ಟಲು ಸುಮಾರು ಮೂವತ್ತು ವರ್ಷ ಬೇಕಾಯಿತು.

ಈಗ ಗಾಜಿನ ತೊಟ್ಟಿಗೆ ಬರೋಣ. ಕೊಪ್ಪಳ ಜಿಲ್ಲೆಯಲ್ಲಿ ಹವಳದ ತೊಟ್ಟಿ ಇಡಲು ಹೊರಟವರಿಗೆ ಮೊದಲ ಎದುರಾಳಿ ನಲ್ಲಿಯ ನೀರು. ಹುಲಿಹೈದರ, ಕನಕಗಿರಿ, ಕುಷ್ಟಗಿ, ಯಲಬುರ್ಗಾ ಕಡೆಯ ಗಟ್ಟಿಕಲ್ಲಿನ ನೆಲದಲ್ಲಿ ಕೊಳವೆಬಾವಿಯ ನೀರು ಲವಣ, ಫ್ಲೋರೈಡ್, ನೈಟ್ರೇಟುಗಳನ್ನು ಹೊತ್ತು ಬರುವುದು ಸಾಮಾನ್ಯ. ಕುಡಿಯುವ ನೀರಿನಲ್ಲಿ ಲೀಟರಿಗೆ 45 ಮಿಲಿಗ್ರಾಂವರೆಗೆ ನೈಟ್ರೇಟ್ ಇರಬಹುದು ಎನ್ನುತ್ತದೆ ಭಾರತೀಯ ಮಾನಕ. ಆರೋಗ್ಯವಂತ ಹವಳದಿಬ್ಬದ ನೀರಿನಲ್ಲಿ ಅದು ಒಂದು ಮಿಲಿಗ್ರಾಂ ಕೂಡ ಇರುವುದಿಲ್ಲ. ಮನುಷ್ಯರಿಗೆ ಒಪ್ಪುವ ನೀರು ಹವಳಕ್ಕೆ ಗೊಬ್ಬರದ ಗುಂಡಿ! ಹೀಗಾಗಿ ಆರ್‌ಒ ಯಂತ್ರದಿಂದ ಸೋಸಿ, ಅಯಾನು ಹೀರುವ ರಾಳದ ಮೂಲಕವೂ ಹಾಯಿಸಿ, ಟಿಡಿಎಸ್ ಮೀಟರ್ ಸೊನ್ನೆ ತೋರಿಸುವ ನೀರಿಗೇ ಸಮುದ್ರದ ಉಪ್ಪಿನ ಮಿಶ್ರಣ ಕದಡಬೇಕು. ಲೀಟರಿಗೆ 35 ಗ್ರಾಂನಷ್ಟು ಲವಣಾಂಶ ಬರಬೇಕು.

ಬೇಸಿಗೆಯಲ್ಲಿ ತೊಟ್ಟಿಯ ನೀರು ದಿನವೂ ಇಳಿಯುತ್ತದೆ. ಅದನ್ನು ತುಂಬಲು ಒಂದು ಕೊಡ ಬೋರ್ ನೀರು ಸುರಿದರೆ ಏನಾದೀತು ಎನ್ನುವವರು ಕಾಲುವೆ ಅಚ್ಚುಕಟ್ಟಿನ ಸವಳು ಭೂಮಿಯನ್ನು ನೆನೆಯಲಿ. ಆವಿಯಾಗಿ ಹೋಗುವುದು ನೀರು ಮಾತ್ರ, ಅದರಲ್ಲಿ ಕರಗಿದ್ದೆಲ್ಲ ಹಿಂದೆ ಉಳಿಯುತ್ತದೆ. ಗಂಗಾವತಿಯ ಕೃಷಿ ಸಂಶೋಧನಾ ಕೇಂದ್ರ ಸವಳು ಜಮೀನುಗಳಲ್ಲಿ ಎದುರಿಸುತ್ತಿರುವ ರಸಾಯನವೇ ತೊಟ್ಟಿಯಲ್ಲೂ ನಡೆಯುವುದು, ಇಲ್ಲಿ ತಿಂಗಳುಗಳಲ್ಲಿ ಮುಗಿದುಹೋಗುತ್ತದೆ. ನಲವತ್ತು ಡಿಗ್ರಿ ಬಿಸಿಲಿನ ನಾಡಿನಲ್ಲಿ ನೀರನ್ನು 25–27 ಡಿಗ್ರಿಯಲ್ಲಿ ಹಿಡಿದಿಡಲು ಚಿಲ್ಲರ್ ಬೇಕು, ಕರೆಂಟು ಹೋದಾಗ ಪಂಪು ತಿರುಗಲು ಬ್ಯಾಟರಿ ಬೇಕು. ಇವೆರಡೂ ಇಲ್ಲದೆ ಶುರುಮಾಡುವುದು ತಪ್ಪು ಎಂಬುದು ನನ್ನ ಖಚಿತ ಅಭಿಪ್ರಾಯ, ಸಾಯುವುದು ಜೀವಗಳು.

ಒಳಬರುವ ಪೋಷಕಾಂಶದ ಮುಖ್ಯ ದಾರಿ ಮೀನಿಗೆ ಹಾಕುವ ಆಹಾರ. ಅದು ಮಲವಾಗಿ, ಕೊಳೆತು ಅಮೋನಿಯಾ ಆಗುತ್ತದೆ. ಬ್ಯಾಕ್ಟೀರಿಯಾಗಳು ಅದನ್ನು ನೈಟ್ರೈಟ್, ಆಮೇಲೆ ನೈಟ್ರೇಟ್ ಮಾಡುತ್ತವೆ. ಸಿಹಿನೀರಿನ ತೊಟ್ಟಿಯ ಫಿಲ್ಟರುಗಳ ಕೆಲಸ ಇಲ್ಲಿಗೆ ಮುಗಿಯುತ್ತದೆ. ಹವಳಕ್ಕೆ ಇಷ್ಟು ಸಾಲದು. 1961ರಲ್ಲಿ ಜಕಾರ್ತಾದ ಅಕ್ವೇರಿಯಂ ಸಾಕಣೆದಾರ ಲೀ ಚಿನ್ ಎಂಗ್ ಕಡಲಿನ ಜೀವಂತ ಬಂಡೆಗಳನ್ನೇ ತೊಟ್ಟಿಗೆ ಇಳಿಸಿ, ಗಾಳಿಯ ಗುಳ್ಳೆಯಷ್ಟನ್ನೇ ಬಿಟ್ಟು ಹವಳ ಬೆಳೆಸಿದ ಬಗೆಯನ್ನು ಜಗತ್ತಿಗೆ ತಿಳಿಸಿದರು. ರಂಧ್ರಮಯ ಬಂಡೆಯ ಹೊರಮೈಯಲ್ಲಿ ಆಮ್ಲಜನಕವಿದೆ, ಒಳಗೆ ಇಲ್ಲ. ಒಳಗಿನ ಕತ್ತಲೆಯಲ್ಲಿ ಬೇರೊಂದು ಬಗೆಯ ಬ್ಯಾಕ್ಟೀರಿಯಾ ನೈಟ್ರೇಟನ್ನು ಒಡೆದು ಸಾರಜನಕ ಅನಿಲವಾಗಿಸಿ ಗಾಳಿಗೆ ಬಿಡುತ್ತದೆ. ಇದಕ್ಕೆ ಪ್ರೋಟೀನ್ ಸ್ಕಿಮ್ಮರ್ ಜೊತೆಯಾದಾಗ ಬರ್ಲಿನ್ ಪದ್ಧತಿ ಎಂಬ ಹೆಸರು ಬಂತು. ಸ್ಕಿಮ್ಮರಿನ ಕೆಲಸ ಸರಳ: ಉಪ್ಪುನೀರಿಗೆ ಕೋಟಿಗಟ್ಟಲೆ ಸಣ್ಣ ಗುಳ್ಳೆ ಊದಿದರೆ ಜಿಡ್ಡು, ಪ್ರೋಟೀನುಗಳು ಗುಳ್ಳೆಯ ಮೈಗೆ ಅಂಟಿ ನೊರೆಯಾಗಿ ಮೇಲೇರುತ್ತವೆ. ಮೇಲಿನ ಬಟ್ಟಲಲ್ಲಿ ಕಡು ಡಿಕಾಕ್ಷನ್ ಬಣ್ಣದ, ಮೂಗು ಮುಚ್ಚಿಸುವ ದ್ರವ ಸೇರುತ್ತದೆ. ಕೊಳೆಯುವ ಮುನ್ನವೇ ಹೊರಬಿದ್ದ ಗೊಬ್ಬರವದು. ಕೆಲವರು ಪಕ್ಕದ ಪೆಟ್ಟಿಗೆಯಲ್ಲಿ ಕೀಟೊಮಾರ್ಫಾ ಪಾಚಿ ಬೆಳೆಸಿ ಕೊಯ್ದು ಎಸೆಯುತ್ತಾರೆ. ಫಾಸ್ಫೇಟ್ ಹೀರಲು ಕಬ್ಬಿಣದ ಆಕ್ಸೈಡಿನ ಹರಳು ಬಳಸುತ್ತಾರೆ. ತುಸುವೇ ವಿನೆಗರ್ ಹನಿಸಿ ಬ್ಯಾಕ್ಟೀರಿಯಾ ಹೆಚ್ಚಿಸುವುದೂ ಉಂಟು. ಅವು ಸಾರಜನಕ, ರಂಜಕ ಎರಡನ್ನೂ ನುಂಗಿ ಬೆಳೆದು, ಸ್ಕಿಮ್ಮರಿನಲ್ಲಿ ಸಿಕ್ಕಿ ಹೊರಬರುತ್ತವೆ.

ಇಷ್ಟೆಲ್ಲ ಉಪಕರಣ ಕೈಗೆ ಬಂದಾಗಲೇ ದೊಡ್ಡ ಅಪಾಯ ಹತ್ತಿರ ಬರುವುದು. ಕಡಿಮೆ ಒಳ್ಳೆಯದಾದರೆ ಸೊನ್ನೆ ಇನ್ನೂ ಒಳ್ಳೆಯದಲ್ಲವೇ ಎಂಬ ಆಸೆ ಹುಟ್ಟುತ್ತದೆ. ಟೆಸ್ಟ್ ಕಿಟ್ಟಿನ ನೀರು ಬಣ್ಣವೇ ಏರದಷ್ಟು ತಿಳಿಯಾದಾಗ ಹವಳಗಳು ಬಿಳಿಚಿಕೊಳ್ಳುತ್ತವೆ, ತುದಿಯ ಅಂಗಾಂಶ ಸುಲಿಯುತ್ತದೆ. ಬಂಡೆಯ ಮೇಲೆ ಕಂದು ಲೋಳೆಯಾಗಿ ಗುಳ್ಳೆಗಟ್ಟುವ ಡೈನೊಫ್ಲಾಜೆಲೇಟ್ ಎಂಬ ಸೂಕ್ಷ್ಮಜೀವಿಗಳು ಮುತ್ತುತ್ತವೆ. ಪೈಪೋಟಿ ಕೊಡುವ ಉಳಿದ ಸೂಕ್ಷ್ಮಜೀವಿಗಳು ಹಸಿವಿನಿಂದ ಸತ್ತ ಜಾಗವನ್ನು ಅವು ಹಿಡಿಯುತ್ತವೆ. 2013ರಲ್ಲಿ ಹವಳ ಸಂಶೋಧಕ ಯೋರ್ಗ್ ವೀಡೆನ್‌ಮನ್ ಮತ್ತು ಸಂಗಡಿಗರು ತೋರಿಸಿದ್ದು ಇನ್ನೂ ಗಂಭೀರವಾದುದು: ನೈಟ್ರೇಟ್ ಏರಿ ಫಾಸ್ಫೇಟ್ ತೀರಾ ಕುಸಿದರೆ ಒಳಗಿನ ಪಾಚಿಯ ಪೊರೆಯೇ ದುರ್ಬಲವಾಗಿ, ಶಾಖ ಮತ್ತು ಬೆಳಕನ್ನು ತಾಳಲಾರದ ಹವಳ ಬೇಗ ಬಿಳಿಚುತ್ತದೆ. 2023ರಲ್ಲಿ ಅದೇ ತಂಡ ಇನ್ನೊಂದು ಗುಟ್ಟು ಬಿಡಿಸಿತು. ನೀರಿನಲ್ಲಿ ಕರಗಿದ ಸಾರಜನಕ, ರಂಜಕಗಳನ್ನು ಪಾಚಿ ಹೀರುತ್ತದೆ. ಹೆಚ್ಚಾದ ಪಾಚಿಕೋಶಗಳನ್ನು ಹವಳ ತಾನೇ ಜೀರ್ಣಿಸಿಕೊಂಡು ಬೆಳೆಯುತ್ತದೆ. ಕಡಲಹಕ್ಕಿಗಳ ಹಿಕ್ಕೆ ಸೇರುವ ದ್ವೀಪಗಳ ಸುತ್ತ ಹವಳ ವೇಗವಾಗಿ ಬೆಳೆದದ್ದೂ ಹಿಂದೂ ಮಹಾಸಾಗರದಲ್ಲಿ ಕಂಡುಬಂತು.

ಅಂದರೆ ಹವಳದಿಬ್ಬ ನಡೆಯುವುದು ಕುಷ್ಟಗಿಯ ಸಂತೆಯ ರೀತಿಯಲ್ಲಿ: ಸರಕು ಗೋದಾಮಿನಲ್ಲಿ ಕೂರುವುದಿಲ್ಲ, ದಿನವಿಡೀ ಕೈಯಿಂದ ಕೈಗೆ ದಾಟುತ್ತದೆ. ನೀರನ್ನು ಅಳೆದರೆ ಏನೂ ಇಲ್ಲವೆನಿಸುತ್ತದೆ, ಆದರೆ ಮೀನು ತಿನ್ನುತ್ತದೆ, ಹಿಕ್ಕೆ ಹಾಕುತ್ತದೆ, ಸ್ಪಂಜು ಕರಗಿದ್ದನ್ನು ಹೀರಿ ಕಣಗಳಾಗಿ ಉದುರಿಸುತ್ತದೆ, ಹುಳು ಅದನ್ನು ಮೇಯುತ್ತದೆ. ಅನುಭವಸ್ಥ ಸಾಕಣೆದಾರರು ಇದನ್ನು ಅರಿತು ಮೀನಿಗೆ ಧಾರಾಳವಾಗಿ ಉಣಿಸಿ, ಅಷ್ಟೇ ಚುರುಕಾಗಿ ಹೊರತೆಗೆಯುತ್ತಾರೆ. ನೈಟ್ರೇಟ್ ಲೀಟರಿಗೆ 2ರಿಂದ 10 ಮಿಲಿಗ್ರಾಂ, ಫಾಸ್ಫೇಟ್ 0.03ರಿಂದ 0.1ರ ಆಸುಪಾಸಿನಲ್ಲಿ ಕದಲದೆ ನಿಂತರೆ ಅವರಿಗೆ ತೃಪ್ತಿ. ನನ್ನನ್ನು ಕೇಳಿದರೆ ಅಂಕಿಗಿಂತ ಅದರ ಸ್ಥಿರತೆಗೆ ಹೆಚ್ಚು ಬೆಲೆ ಕೊಡುತ್ತೇನೆ. ದೀಪ ಆರಿದ ಮೇಲೆ ಕೆಂಪು ಟಾರ್ಚಿನಲ್ಲಿ ನೋಡಿ: ಹಗಲೆಲ್ಲ ಕಲ್ಲಿನಂತಿದ್ದ ಹವಳದ ಮೈತುಂಬ ಪಾಲಿಪ್ ಎಂಬ ಪುಟ್ಟ ಜೀವಿಗಳು ಗ್ರಹಣಾಂಗಗಳನ್ನು ಚಾಚಿರುತ್ತವೆ. ಆರ್ಟೀಮಿಯಾ ಎಂಬ ಪುಟ್ಟ ಸೀಗಡಿಯ ಮರಿಯೊಂದು ತಗುಲಿದ ಕೂಡಲೇ ಆ ಗ್ರಹಣಾಂಗ ಬಾಗಿ, ಬಾಯಿಯತ್ತ ಮಡಚಿಕೊಳ್ಳುತ್ತದೆ. ಬಡನೀರಿನಲ್ಲಿ ಬಾಳುವ ಜೀವಿಯೂ ಬೇಟೆಯಾಡಿ ಉಣ್ಣುತ್ತದೆ.

ತೊಟ್ಟಿಯ ಆಚೆಗೆ ನೋಡಿದರೆ, ಕರ್ನಾಟಕಕ್ಕೆ ತನ್ನದೇ ಹವಳವಿದೆ. ಮುರುಡೇಶ್ವರದಿಂದ ಸುಮಾರು 19 ಕಿ.ಮೀ. ಕಡಲೊಳಗಿನ ನೇತ್ರಾಣಿ ದ್ವೀಪದ ಸುತ್ತ ಪೊರೈಟಿಸ್‌ನಂಥ ಗಟ್ಟಿಜಾತಿಯ ಹವಳಗಳು ಬಂಡೆಗಂಟಿ ಬೆಳೆದಿವೆ. ಲಕ್ಷದ್ವೀಪದ ತಿಳಿನೀರು ಅವಕ್ಕಿಲ್ಲ. ಮಳೆಗಾಲದಲ್ಲಿ ಹೊಳೆಗಳು ಹೊತ್ತು ತರುವ ರಾಡಿ ಮತ್ತು ತಳದಿಂದ ಮೇಲೇಳುವ ಪೋಷಕಾಂಶಭರಿತ ತಣ್ಣೀರನ್ನು ತಾಳಿಕೊಳ್ಳಬಲ್ಲವು ಮಾತ್ರ ಅಲ್ಲಿ ಉಳಿದಿವೆ. ಲಕ್ಷದ್ವೀಪದ ಕವಲುಕವಲಾದ ಅಕ್ರೋಪೊರಾಗಳಿಗೆ ಆ ಒರಟುತನವಿಲ್ಲ. 1998, 2010, 2016ರ ಕಡಲ ಬಿಸಿಗೆ ಅವು ಮತ್ತೆ ಮತ್ತೆ ಸುಟ್ಟುಹೋದವು.

ಹವಳವನ್ನು ಮನೆಗೆ ತರುವ ಮಾತಾಡುವವರು ಕಾನೂನನ್ನೂ ತಿಳಿದಿರಬೇಕು. ದಿಬ್ಬ ಕಟ್ಟುವ ಎಲ್ಲ ಕಲ್ಲುಹವಳಗಳು 2001ರಿಂದ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಅನುಸೂಚಿಯಲ್ಲಿವೆ. ಹುಲಿಗೆ ಇರುವ ರಕ್ಷಣೆಯೇ ಅವಕ್ಕೂ ಇದೆ. ನೇತ್ರಾಣಿಯಲ್ಲಿ ಮುಳುಗುವವರು ಒಂದು ಚೂರು ಮುರಿದು ತಂದರೂ ಅಪರಾಧ. ಅಂಗಡಿಯಲ್ಲಿ ಸಿಗುವ ಜೀವಂತ ಬಂಡೆಯೂ ಕಡಲಿನಿಂದ ಕಿತ್ತದ್ದಾಗಿರಬಹುದು. ಸುಣ್ಣದಿಂದ ಅಚ್ಚುಹಾಕಿದ ಕೃತಕ ರಂಧ್ರಬಂಡೆಗಳು ಇಂದು ದೊರೆಯುತ್ತವೆ. ಅವುಗಳಲ್ಲಿ ಬ್ಯಾಕ್ಟೀರಿಯಾ ನೆಲೆಯೂರಲು ಕೆಲವು ತಿಂಗಳು ಹಿಡಿಯುತ್ತದೆ, ಆ ತಿಂಗಳುಗಳಲ್ಲಿ ಹವಳವಿಲ್ಲದೆ ಬರೀ ನೀರು, ಬಂಡೆ ಮತ್ತು ಸ್ಕಿಮ್ಮರನ್ನೇ ನಡೆಸಿ ನೈಟ್ರೇಟ್ ಅಳೆಯುತ್ತಿರಬೇಕು.