ಬಲ್ಮಠದ ಗುಡ್ಡದ ಮೇಲೊಂದು ವಿದ್ಯಾಪೀಠ

ಮಂಗಳೂರಿನ ಬಲ್ಮಠದ ಗುಡ್ಡವನ್ನೇರಿದವರಿಗೆ ಪುಟ್ಟದೊಂದು ವಿದ್ಯಾಲಯ ಕಾಣುತ್ತದೆ. ಬಾಸೆಲ್ ಮಿಷನ್ನಿನವರು 1847ರಲ್ಲಿ ತೆರೆದ ಸೆಮಿನರಿಯೂ ತುಮಕೂರಿನ ಸೆಮಿನರಿಯೂ 1965ರಲ್ಲಿ ಒಂದುಗೂಡಿ ಕರ್ನಾಟಕ ಥಿಯಲಾಜಿಕಲ್ ಕಾಲೇಜು ಎನಿಸಿದುವು.

ಇಲ್ಲಿ ದೇವಶಾಸ್ತ್ರದ ಬಿ.ಡಿ. ವ್ಯಾಸಂಗ ಮಾಡುವ ತರುಣನಿಗೆ ಪದವಿಯನ್ನು ನೀಡುವುದು ದೂರದ ಬಂಗಾಳದ ಸೆರಾಂಪುರದ ಸೆನೆಟ್. ಅಂದು ಡೇನರ ವಸಾಹತಾಗಿದ್ದ ಆ ಊರಿನ ಕಾಲೇಜಿಗೆ ಪದವಿದಾನದ ಅಧಿಕಾರವನ್ನು 1827ರಲ್ಲಿ ದಯಪಾಲಿಸಿದವನು ಡೆನ್ಮಾರ್ಕಿನ ದೊರೆ!

ವಿದ್ಯಾರ್ಥಿಯ ನಿಜವಾದ ಕಷ್ಟ ಇರುವುದು ಶಬ್ದಗಳಲ್ಲಿ. ಹೊಸ ಒಡಂಬಡಿಕೆಯ ಮೂಲಭಾಷೆ ಗ್ರೀಕ್. ಅದರಲ್ಲಿ ‘ಲೋಗೋಸ್’ ಎಂಬ ಪದವುಂಟು. ಮಾತು, ವಿವೇಕ, ಕಾರಣ ಎಲ್ಲವೂ ಅದರಲ್ಲಿ ಅಡಗಿವೆ. ಕನ್ನಡ ಬೈಬಲ್ಲು ಅದನ್ನು ‘ವಾಕ್ಯ’ವೆಂದಿತು. ಶಾಲೆಯ ಹುಡುಗನಿಗಾದರೋ ವಾಕ್ಯವೆಂದರೆ ಕರ್ತೃ, ಕರ್ಮ, ಕ್ರಿಯಾಪದಗಳ ಜೋಡಣೆ. ‘ಕೃಪೆ’, ‘ಆತ್ಮ’ ಎಂಬ ಮಾತುಗಳನ್ನೋ ಶರಣರೂ ದಾಸರೂ ಶತಮಾನಗಳ ಹಿಂದೆಯೇ ತಮ್ಮದಾಗಿಸಿಕೊಂಡಿದ್ದರು. ಆ ಹಳೆಯ ಅರ್ಥಗಳನ್ನು ಅರಿಯದೆ ಹೊಸತನ್ನು ಹೇಳುವಂತಿಲ್ಲ.

ಉತ್ತರಪತ್ರಿಕೆಯಲ್ಲಿ ‘ಲೋಗೋಸ್’ ಕುರಿತು ಹತ್ತು ಪುಟ ತುಂಬಿಸಬಹುದು. ಭಾನುವಾರ ಹಳ್ಳಿಯ ಚರ್ಚಿನಲ್ಲಿ, ಅಕ್ಷರವರಿಯದ ಅಜ್ಜಿಯೆದುರು, ಅದನ್ನೇ ಎರಡು ಮಾತಿನಲ್ಲಿ ತಿಳಿಯಹೇಳಬೇಕು. ಪದವಿಯನ್ನು ಸೆರಾಂಪುರ ಕೊಟ್ಟೀತು. ಪಾದ್ರಿಯೆಂದು ಒಪ್ಪಬೇಕಾದವಳು ಆ ಅಜ್ಜಿ.