ರಾತ್ರಿ ಮೂರು ಗಂಟೆಗೆ ಓದಿದ ಕಾದಂಬರಿ

ರಾತ್ರಿ ಮೂರು ಗಂಟೆ. ಎಡಗೈಯಲ್ಲಿ ಮಗು, ಬಲಗೈಯಲ್ಲಿ ಫೋನು. ಬ್ರೈಟ್‌ನೆಸ್ ಪೂರ್ತಿ ಇಳಿಸಿದ್ದೆ. ಬಾಣಂತನಕ್ಕೆಂದು ಹಾಸನದಿಂದ ಬಂದು ಪಕ್ಕದಲ್ಲೇ ಮಲಗಿದ್ದ ಅಮ್ಮನಿಗೆ ಎಚ್ಚರವಾದರೆ ‘ಬಾಣಂತಿ ಕಣ್ಣಿಗೆ ಆಯಾಸ ಮಾಡ್ಕೋಬಾರದು’ ಅಂತ ಬೈಗುಳ ಗ್ಯಾರಂಟಿ. ಸಿಲ್ವಿಯಾ ಮೋಲ್ನಾರ್ ಅವರ ‘ದಿ ನರ್ಸರಿ’ಯನ್ನು ನಾನು ಓದಿದ್ದು ಹೀಗೆ, ಒಂದು ಸಲ ಹಾಲೂಡಿಸೋ ಹೊತ್ತಿಗೆ ನಾಲ್ಕೈದು ಪುಟ.

2023ರಲ್ಲಿ ಬಂದ ಇದು ಮೋಲ್ನಾರ್ ಅವರ ಮೊದಲ ಕಾದಂಬರಿ. ಅವರು ಬುಡಾಪೆಸ್ಟ್‌ನಲ್ಲಿ ಹುಟ್ಟಿ, ಸ್ವೀಡನ್‌ನಲ್ಲಿ ಬೆಳೆದು, ಅಮೆರಿಕದಲ್ಲಿ ನೆಲೆಸಿದವರು. ಕಥಾನಾಯಕಿಗೆ ಹೆಸರಿಲ್ಲ. ಸ್ವೀಡಿಷ್‌ನಿಂದ ಅನುವಾದ ಮಾಡುವುದು ಅವಳ ಕೆಲಸವಾಗಿತ್ತು. ಈಗ ಹೆರಿಗೆಯಾಗಿದೆ, ಅಪಾರ್ಟ್‌ಮೆಂಟಿನಿಂದ ಆಚೆ ಕಾಲಿಡಲು ಆಗುತ್ತಿಲ್ಲ. ನಾಮಕರಣದ ತನಕ ನಾವು ‘ಪಾಪು’ ಅನ್ನೋ ಹಾಗೆ ಅವಳು ಮಗಳನ್ನು ‘ಬಟನ್’ ಅಂತಾಳೆ. ಗಂಡ ಜಾನ್ ಕೆಟ್ಟವನೇನಲ್ಲ, ಆದರೆ ಅವನಿಗೆ ಹೊರಗೆ ಒಂದು ಜಗತ್ತಿದೆ. ಮೇಲಿನ ಮನೆಯ ಪೀಟರ್, ಆಕ್ಸಿಜನ್ ಸಿಲಿಂಡರ್ ಜೊತೆಗೇ ಓಡಾಡುವ ವಯಸ್ಸಾದ ಮನುಷ್ಯ, ಮಗುವಿನ ಅಳುವಿನ ಬಗ್ಗೆ ದೂರು ಹೇಳಲು ಬಂದು ಮಾತಿಗೆ ಕೂರುತ್ತಾನೆ. ಕಥೆ ಅಂತ ಇರೋದು ಬಹುತೇಕ ಇಷ್ಟೇ.

ಹೆರಿಗೆಯ ನಂತರದ ರಕ್ತ, ನೋವು, ಹಾಲಿನ ವಾಸನೆ ಯಾವುದನ್ನೂ ಮೋಲ್ನಾರ್ ಮುಚ್ಚಿಡುವುದಿಲ್ಲ. ಅಲ್ಲಿಯವರೆಗೆ ನಾನೂ ತಲೆಯಾಡಿಸುತ್ತಾ ಓದಿದೆ. ಆಮೇಲೆ ಒಂದು ಕಡೆ, ಮಗುವಿಗೆ ತನ್ನ ಕೈಯಿಂದಲೇ ಏನೋ ಆಗಿಬಿಡುವ ಚಿತ್ರ ಅವಳ ತಲೆಯಲ್ಲಿ ಬರುತ್ತದೆ. ನಾನು ಫೋನನ್ನು ಮಗುಚಿ ಇಟ್ಟುಬಿಟ್ಟೆ.

ಯಾಕೆಂದರೆ ಎರಡು ವಾರದ ಹಿಂದೆ ನಾನು ಮಗುವನ್ನೆತ್ತಿಕೊಂಡು ನಮ್ಮ ಒಂಬತ್ತನೇ ಮಹಡಿಯ ಬಾಲ್ಕನಿಯಲ್ಲಿ ನಿಂತಿದ್ದೆ. ‘ಕೈ ಬಿಟ್ಟರೆ?’ ಅನ್ನೋ ಒಂದು ಯೋಚನೆ ಎಲ್ಲಿಂದಲೋ ಬಂತು. ಒಂದು ಸೆಕೆಂಡು, ಅಷ್ಟೇ. ಒಳಗೆ ಬಂದು ಚಿಲಕ ಹಾಕಿದೆ. ಆಮೇಲೆ ಆ ಕಡೆ ಹೋಗಲೇ ಇಲ್ಲ, ‘ಗಾಳಿ ಆಗಲ್ಲ’ ಅಂದೆ. ಅಂತೂ ಮಗಳಿಗೆ ಪಥ್ಯ ಗೊತ್ತಾಯ್ತಲ್ಲ ಅಂತ ಅಮ್ಮನಿಗೆ ಖುಷಿಯೋ ಖುಷಿ.

ಕಾದಂಬರಿಯ ಹೆಂಗಸು ಹಗಲೆಲ್ಲಾ ಒಂಟಿ. ನಮ್ಮನೆ ತುಂಬಾ ಜನ: ಅಮ್ಮ, ಅತ್ತೆ, ಎಣ್ಣೆಸ್ನಾನ ಮಾಡಿಸೋಕೆ ಬರುವ ಅಜ್ಜಿ, ಮಗು ನೋಡೋಕೆ ಬರೋ ನೆಂಟರು. ಬಿಸಿನೀರು, ಸಾಂಬ್ರಾಣಿ ಹೊಗೆ, ತಲೆಗೆ ಬಟ್ಟೆ, ಮೆಣಸಿನ ಸಾರು ಎಲ್ಲವೂ ಟೈಮ್ ಟೈಮಿಗೆ. ಇಷ್ಟೊಂದು ಆರೈಕೆಯ ನಡುವೆ ಎಲ್ಲರೂ ಕೇಳುತ್ತಿದ್ದ ಪ್ರಶ್ನೆ ಒಂದೇ, ‘ಹಾಲು ಸಾಕಾಗ್ತಿದೆಯಾ?’ ಅವಳಿಗೆ ಹೇಳಿಕೊಳ್ಳೋಕೆ ಜನ ಇರಲಿಲ್ಲ. ನನಗೆ ಜನ ಇದ್ದರು, ಹೇಳೋ ಧೈರ್ಯ ಇರಲಿಲ್ಲ.

ಪುಸ್ತಕ ಮುಗಿಸಿದ ಮರುದಿನ ಅಮ್ಮನಿಗೆ ಹೇಳಿಬಿಟ್ಟೆ. ಅವಳು ಮಡಚುತ್ತಿದ್ದ ಬಟ್ಟೆಯಿಂದ ತಲೆ ಎತ್ತಲಿಲ್ಲ. “ನೀನು ಹುಟ್ಟಿದಾಗ ಮೂರು ತಿಂಗಳು ನಾನು ಬಾವಿ ಕಡೆ ಹೋಗಿರಲಿಲ್ಲ. ನೀರು ನಿಮ್ಮಜ್ಜಿನೇ ಸೇದಿದ್ದು. ಯಾಕೆ ಅಂತ ಯಾರಿಗೂ ಹೇಳಲಿಲ್ಲ. ಹೇಳಿದ್ರೆ ಬಾಣಂತಿ ಸನ್ನಿ ಅಂದುಬಿಡ್ತಿದ್ರು.”

ಅದೇ ವಾರ ಡಾಕ್ಟರ ಹತ್ತಿರ ಹೋದೆವು. ಅವರು ತುಂಬಿಸಿದ್ದು ಹತ್ತು ಪ್ರಶ್ನೆಗಳ ‘ಎಡಿನ್‌ಬರ್ಗ್ ಸ್ಕೇಲ್’. 1987ರಲ್ಲಿ ಬಂದದ್ದು, ಕನ್ನಡದಲ್ಲೂ ಇದೆ, ಐದು ನಿಮಿಷದ ಕೆಲಸ. ಬೇಡವೆಂದರೂ ನುಗ್ಗಿ ಬಂದು ನಮ್ಮನ್ನೇ ಹೆದರಿಸುವ ಇಂಥ ಯೋಚನೆಗಳು ಬಹಳಷ್ಟು ಹೊಸ ತಾಯಂದಿರಿಗೆ ಬರುತ್ತವಂತೆ. ಯೋಚನೆ ಬಂತು ಅಂದ ಮಾತ್ರಕ್ಕೆ ಹಾಗೆ ಮಾಡುತ್ತಾರೆ ಅಂತಲ್ಲ. ಜನ ಸನ್ನಿ ಅನ್ನುವ ಕಾಯಿಲೆಯೇ ಬೇರೆ, ಅಪರೂಪದ್ದು. ಮಗು ಮಲಗಿದರೂ ದಿನಗಟ್ಟಲೆ ನಿದ್ದೆ ಬಾರದಿದ್ದರೆ, ಇಲ್ಲದ ದನಿಗಳು ಕೇಳಿಸಿದರೆ, ಮಗುವಿಗೆ ಹಾನಿ ಮಾಡುವುದೇ ಸರಿ ಅನ್ನಿಸತೊಡಗಿದರೆ ಅದು ತುರ್ತುಸ್ಥಿತಿ, ತಕ್ಷಣ ಆಸ್ಪತ್ರೆಗೆ ಹೋಗಬೇಕು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ 2009ರಿಂದ ತಾಯಿ-ಮಗುವನ್ನು ಜೊತೆಯಲ್ಲೇ ದಾಖಲಿಸಿಕೊಳ್ಳುವ ವಿಭಾಗವಿದೆ. ಟೆಲಿ-ಮನಸ್‌ನ 14416ಕ್ಕೆ ಉಚಿತವಾಗಿ ಕರೆ ಮಾಡಿ ಕನ್ನಡದಲ್ಲೇ ಮಾತಾಡಬಹುದು.

ಕಾದಂಬರಿಯಲ್ಲಿ ಕೊರತೆಗಳಿಲ್ಲವೇ? ಇವೆ. ನಡುವೆ ಸುತ್ತಿದ್ದನ್ನೇ ಸುತ್ತುತ್ತದೆ. ಜಾನ್‌ನ ಮನಸ್ಸಿನೊಳಗೆ ಇಣುಕಲು ನಮಗೆ ಅವಕಾಶವೇ ಸಿಗೋದಿಲ್ಲ. ಆದರೆ ಹಾಲು, ತೇಗು, ಡೈಪರ್, ನಿದ್ದೆ, ಮತ್ತೆ ಹಾಲು ಅಂತ ಬ್ರೇಕ್ ಇಲ್ಲದ ಲೂಪ್‌ನಲ್ಲಿ ಇದ್ದವಳಿಗೆ ಆ ಸುತ್ತಾಟ ಸುಳ್ಳು ಅನ್ನಿಸಲಿಲ್ಲ.

ಒಂದು ಸಲಹೆ. ಇದನ್ನು ಹಸಿ ಬಾಣಂತಿಗೆ ಗಿಫ್ಟ್ ಕೊಡಬೇಡಿ, ಮನಸ್ಸು ಕುಗ್ಗಿರುವಾಗ ಒಬ್ಬಳೇ ಓದುವ ಪುಸ್ತಕ ಇದಲ್ಲ. ಅವಳ ಗಂಡನಿಗೆ ಕೊಡಿ. ನನ್ನ ಗಂಡ ಎರಡು ಸಂಜೆಯಲ್ಲಿ ಓದಿ ಮುಗಿಸಿದ. ಏನೂ ಹೇಳಲಿಲ್ಲ. ಆದರೆ ಈಗ ಆಫೀಸಿನಿಂದ ಬಂದವನು ‘ಪಾಪು ಮಲಗ್ತಾ?’ ಅನ್ನೋಕೆ ಮುಂಚೆ ‘ನೀನು ಮಲಗಿದ್ಯಾ?’ ಅಂತ ಕೇಳ್ತಾನೆ.